ಅಕ್ಕನ ಅಂಚೆ: ಬಿಳಿ ಬೆಲ್ಟಿನವರು ಮಾತಾಡಬಾರದಾ?

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಬಾಗಲಕೋಟೆ ನವನಗರದವನು. ವಯಸ್ಸು 31, ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ಕಾಲೇಜಿನ ಹಾಸ್ಟೆಲ್‌ನಲ್ಲಿದ್ದಾಗ ‘ಸ್ಟಾರ್ ವಾರ್ಸ್’ ಸಿನಿಮಾಗಳನ್ನು ನೋಡಿ, ಅದರಲ್ಲಿ ಬರುವ ಜೇಡೈ ಅನ್ನುವ ಯೋಧ ಸನ್ಯಾಸಿಗಳ ಹಾಗೆ ಶಿಸ್ತಿನಿಂದ ಬದುಕಬೇಕು ಅಂತ ನಾವು ನಾಲ್ಕು ಗೆಳೆಯರು ಶುರು ಮಾಡಿದೆವು. ಈಗ 16 ಜನ ಇದ್ದೇವೆ. ಎಲ್ಲ ಜೀವಗಳನ್ನೂ ಒಂದಕ್ಕೊಂದು ಹೆಣೆದಿರುವ ಶಕ್ತಿಯೊಂದಿದೆ ಅನ್ನುವುದು ನಮ್ಮ ನಂಬಿಕೆ. ಭಾನುವಾರ ಬೆಳಿಗ್ಗೆ 6ಕ್ಕೆ ಸೇರಿ ಧ್ಯಾನ ಮಾಡುತ್ತೇವೆ, ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರಿಗೆ ಊಟ ಕೊಡುತ್ತೇವೆ. ಹೊಸಬರಿಗೆ ಬಿಳಿ ಬೆಲ್ಟ್, ಕಲಿತು ನೈಟ್ (ಆ ಸಿನಿಮಾದಲ್ಲಿ ಯೋಧರ ಪದವಿ) ಆದವರಿಗೆ ಕಂದು, ಎಲ್ಲರಿಗಿಂತ ಮೇಲಿನ ಮಾಸ್ಟರ್‌ಗೆ ಕಪ್ಪು. ಮಾಸ್ಟರ್ ಸದ್ಯಕ್ಕೆ ನಾನೊಬ್ಬನೇ. ಹೋದ ತಿಂಗಳು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು, 61 ವರ್ಷದವರು, ಸೇರಿದ್ದರು. ಧ್ಯಾನ ನಡೆಯುವಾಗ ‘ಉಸಿರು ಹಿಡಿಸಿ ಕೂರಿಸಬೇಡಿ, ಇವರಿಗೆ ತಲೆ ಸುತ್ತುತ್ತದೆ’ ಎಂದರು. 24ರ ನೈಟ್ ಒಬ್ಬ ‘ಬಿಳಿ ಬೆಲ್ಟಿನವರು ನಡುವೆ ಮಾತಾಡುವಂತಿಲ್ಲ’ ಅಂದ. ಅವರು ಬೆಲ್ಟ್ ಬಿಚ್ಚಿ, ನೀಟಾಗಿ ಮಡಚಿ, ಜಮಖಾನೆಯ ಮೇಲಿಟ್ಟು ಎದ್ದು ಹೋದರು. ಮುಂದಿನ ವಾರ ಇನ್ನೂ ನಾಲ್ವರು ಬರಲಿಲ್ಲ. ನಂಬಿಕೆ ಒಂದೇ ಆದ ಮೇಲೆ ಮೇಲು ಕೆಳಗು ಯಾಕೆ ಅಂತ ಕೆಲವರು ಕೇಳುತ್ತಿದ್ದಾರೆ. ಅದಿಲ್ಲದಿದ್ದರೆ ಇದು ಬರೀ ಹರಟೆ ಕಟ್ಟೆ ಆಗುತ್ತದೆ ಅನ್ನುವುದು ಉಳಿದವರ ಮಾತು. ನಾನೇನು ಮಾಡಲಿ?

ಉತ್ತರ: ತಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಆಮೇಲೆ ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಸಿನಿಮಾಗಳನ್ನೂ ನೋಡಿದೆ, ಎಲ್ಲವನ್ನೂ ಅಲ್ಲ, ಆದರೆ ಸಾಕಷ್ಟು.

ಮೊದಲಿಗೆ ಒಂದು ಮಾತು. ಕತೆಯಿಂದ ಬಂದ ನಂಬಿಕೆ ಅಂತ ನಾಚಿಕೊಳ್ಳಬೇಡಿ. ನಮ್ಮ ಕಡೆ ರಾತ್ರಿಯಿಡೀ ದೊಡ್ಡಾಟ ನೋಡಿ, ಬೆಳಗಿನ ಜಾವ ಕರ್ಣ ಬಿದ್ದಾಗ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವ ಅಮ್ಮಂದಿರು ‘ಇದು ನಿಜವಾಗಿ ನಡೆದಿತ್ತಾ’ ಅಂತ ಯಾರನ್ನೂ ಕೇಳುವುದಿಲ್ಲ. ಭಾನುವಾರ ಬೆಳಿಗ್ಗೆ ಹಾಸಿಗೆ ಬಿಟ್ಟೆದ್ದು 16 ಜನ ಒಂದು ಕಡೆ ಕೂರುತ್ತೀರಿ, ಗುರುತಿಲ್ಲದವರಿಗೆ ಊಟ ಬಡಿಸುತ್ತೀರಿ. ಅದು ಎಲ್ಲಿಂದ ಹುಟ್ಟಿದರೂ ನನಗೆ ದೊಡ್ಡದೇ.

ಇನ್ನು ಬೆಲ್ಟಿನ ವಿಷಯ. ನನ್ನ ತವರು ಗೋಕಾಕ ತಾಲ್ಲೂಕಿನ ಹಳ್ಳಿ. ಮನೆಯ ಹಿಂದೆಯೇ ಗರಡಿ ಮನೆ. ಹೆಣ್ಣುಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ, ನಾವು ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದೆವು. ಗರಡಿಗೆ ಒಬ್ಬ ವಸ್ತಾದ ಇದ್ದ. ಅವನ ಮಾತು ಮೀರುವ ಹಾಗಿರಲಿಲ್ಲ, ಯಾಕಂದರೆ ಪಟ್ಟು ತಪ್ಪಿ ಹಾಕಿದರೆ ಎದುರಿಗಿದ್ದ ಹುಡುಗನ ಕೈ ಮುರಿಯುತ್ತದೆ. ಅಷ್ಟಕ್ಕೇ ಅವನ ಹಿರಿತನ. ಆದರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗುದ್ದಲಿ ಹಿಡಿದು ಅಖಾಡದ ಮಣ್ಣು ಸಡಿಲ ಮಾಡುತ್ತಿದ್ದವನೂ ಅವನೇ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿದ ಕೆಂಪು ಮಣ್ಣು ಅದು, ಅದರ ವಾಸನೆ ನಮ್ಮ ಅಡುಗೆ ಮನೆ ತನಕ ಬರುತ್ತಿತ್ತು. ಇಳಿಯುವ ಮೊದಲು ವಸ್ತಾದನೂ ಬಗ್ಗಿ ಆ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಿದ್ದ, ನಿನ್ನೆ ಸೇರಿದ ಹುಡುಗನೂ ಹಾಗೇ ಮಾಡುತ್ತಿದ್ದ. ಪಟ್ಟು ಕಲಿಸುವಾಗ ಅವನು ಹಿರಿಯ. ಮಣ್ಣು ಮುಟ್ಟುವಾಗ ಎಲ್ಲರೂ ಒಂದೇ. ಆ ಎರಡನ್ನೂ ಅವನು ಯಾವತ್ತೂ ಕಲಸಲಿಲ್ಲ.

ನೀವು ಕಲಸಿದ್ದೀರಿ. ಧ್ಯಾನ ಕಲಿಸುವುದಕ್ಕೆ, ಆಸ್ಪತ್ರೆಯ ಊಟಕ್ಕೆ ಹಣ ಎತ್ತುವುದಕ್ಕೆ, ಹೊಸಬರನ್ನು ನೋಡಿಕೊಳ್ಳುವುದಕ್ಕೆ ಯಾರೋ ಒಬ್ಬರು ಮುಂದೆ ನಿಲ್ಲಲೇಬೇಕು, ಅದಕ್ಕೊಂದು ಬೆಲ್ಟ್ ಇದ್ದರೆ ಇರಲಿ. ಆದರೆ ಆ ಶಕ್ತಿ ಯಾರಿಗೆ ಜಾಸ್ತಿ ಹತ್ತಿರ, ಯಾರ ನಂಬಿಕೆ ಎಷ್ಟು ಆಳ ಅನ್ನುವುದನ್ನು ಬೆಲ್ಟಿನ ಬಣ್ಣ ಹೇಳುವುದಿಲ್ಲ. ಎಲ್ಲ ಜೀವಗಳನ್ನೂ ಹೆಣೆದಿರುವ ಶಕ್ತಿ ಅನ್ನುತ್ತೀರಿ, ಅಲ್ವಾ? ಹಾಗಿದ್ದರೆ ಅದು ಆ ಟೀಚರನ್ನೂ ಅಷ್ಟೇ ಗಟ್ಟಿಯಾಗಿ ಹೆಣೆದಿದೆ. ನಿಮ್ಮ ನಂಬಿಕೆಯಿಂದಲೇ ಬರುವ ಮಾತು ಇದು.

ನೀವು ನೆಚ್ಚಿಕೊಂಡ ಕತೆಯಲ್ಲೇ ಇದು ಇದೆಯಲ್ಲ. 2005ರ ಚಿತ್ರದಲ್ಲಿ, ಮುಂದೆ ಕೇಡಿನ ಕಡೆ ಹೋಗುವ ಅನಾಕಿನ್ ಅನ್ನುವ ಯುವ ಜೇಡೈಗೆ ಹಿರಿಯ ಜೇಡೈಗಳ ಪರಿಷತ್ತಿನಲ್ಲಿ ಜಾಗ ಕೊಡುತ್ತಾರೆ, ಮಾಸ್ಟರ್ ಪದವಿ ಕೊಡುವುದಿಲ್ಲ. ಅವನ ಮುಖ ಕೆಂಪಾಗುವುದನ್ನು ನೋಡಿ ನನ್ನ ಮೊಮ್ಮಗ ‘ಅಜ್ಜಿ, ಇಲ್ಲಿಂದಲೇ ಕೆಡುತ್ತದೆ ನೋಡು’ ಎಂದ. ಮೇಲಿನ ಗದ್ದುಗೆಯಲ್ಲಿ ಕೂತ ಆ ಪರಿಷತ್ತಿಗೋ, ಕಣ್ಣೆದುರೇ ಬೆಳೆಯುತ್ತಿದ್ದ ಕೇಡು ಕೊನೆಯ ತನಕ ಕಾಣಲಿಲ್ಲ. ಪದವಿಗಾಗಿ ಹಸಿದವನದು ಒಂದು ತಪ್ಪು, ಪದವಿಯ ಮೇಲೆ ಕೂತು ಕಿವಿ ಮುಚ್ಚಿಕೊಂಡವರದು ಇನ್ನೊಂದು. ನಿಮ್ಮ 24ರ ಹುಡುಗನಲ್ಲಿ ನನಗೆ ಎರಡೂ ಸ್ವಲ್ಪ ಸ್ವಲ್ಪ ಕಾಣುತ್ತದೆ. ಅವನನ್ನು ಬೈಯಬೇಡಿ. ಅವನಿಗೆ ಕಂದು ಬೆಲ್ಟ್ ಕಟ್ಟಿದವರು ನೀವು, ಅದರ ಅರ್ಥ ಹೇಳಿಕೊಡದೆ ಕಟ್ಟಿದಿರಿ.

ಕತೆಯಿಂದ ಹುಟ್ಟಿದ ಬಳಗಗಳಿಗೆ ಈ ತೊಡಕು ಹೊಸದೇನೂ ಅಲ್ಲ. ಅಮೆರಿಕದಲ್ಲಿ 1961ರಲ್ಲಿ ರಾಬರ್ಟ್ ಹೈನ್‌ಲೈನ್ ಅವರ ಕಾದಂಬರಿಯೊಂದು ಬಂತು. ಮಂಗಳ ಗ್ರಹದಲ್ಲಿ ಬೆಳೆದ ಮನುಷ್ಯನೊಬ್ಬ ಭೂಮಿಗೆ ಬಂದು ಒಂದು ಧರ್ಮ ಕಟ್ಟುವ ಕತೆ. ಮರುವರ್ಷವೇ ಮಿಸೌರಿ ರಾಜ್ಯದ ಇಬ್ಬರು ಕಾಲೇಜು ಹುಡುಗರು ಆ ಕತೆಯಲ್ಲಿದ್ದ ಹಾಗೇ ನೀರು ಹಂಚಿಕೊಂಡು ಕುಡಿದು ಅಣ್ಣ ತಮ್ಮಂದಿರಾದರು. ಅದು ಬೆಳೆದು ‘ಚರ್ಚ್ ಆಫ್ ಆಲ್ ವರ್ಲ್ಡ್ಸ್’ ಆಯಿತು, 1968ರಲ್ಲಿ ನೋಂದಣಿಯೂ ಆಯಿತು. ಅವರಲ್ಲಿ ಒಂಬತ್ತು ಸುತ್ತುಗಳ ಮೆಟ್ಟಿಲು ಇತ್ತು, ಓದಿ, ಕೆಲಸ ಮಾಡಿ ಒಂದೊಂದೇ ಸುತ್ತು ದಾಟಬೇಕು. ಆದರೆ ನೀರು ಹಂಚುವುದು ಎಲ್ಲರಿಗೂ. ನೀನೂ ದೇವರೇ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ಎಲ್ಲರಿಗೂ. ಅವರ ಎಲ್ಲ ವಿಚಾರಗಳನ್ನೂ ನಾನು ಒಪ್ಪುವುದಿಲ್ಲ. ಆದರೆ ಮೆಟ್ಟಿಲಿನ ಪಕ್ಕದಲ್ಲೇ ಆ ನೀರಿನ ಬಟ್ಟಲು ಇಟ್ಟರಲ್ಲ, ಅದು ನನಗೆ ಇಷ್ಟವಾಯಿತು. ನಿಮ್ಮಲ್ಲಿ ಬರೀ ಮೆಟ್ಟಿಲಿದೆ.

ಅಷ್ಟು ದೂರ ಯಾಕೆ ಹೋಗಬೇಕು, ನಿಮ್ಮ ಜಿಲ್ಲೆಯಲ್ಲೇ ಕೂಡಲಸಂಗಮ ಇದೆ. ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಅಷ್ಟು ದೊಡ್ಡ ಅಧಿಕಾರದಲ್ಲಿದ್ದವರು. ಆದರೂ ಶೂನ್ಯ ಸಿಂಹಾಸನದ ಮೇಲೆ ಕೂರಿಸಿದ್ದು ಅಲ್ಲಮ ಪ್ರಭುವನ್ನು. ಆಯ್ದಕ್ಕಿ ಲಕ್ಕಮ್ಮನ ಕತೆ ನಿಮಗೆ ಗೊತ್ತಿರಬೇಕು. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ನಮಗೆ ಬೇಕಾದ್ದಕ್ಕಿಂತ ಹೆಚ್ಚಿಗೆ ಇದೆ, ಅಲ್ಲಿಯೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ಅಕ್ಕಿ ಆಯ್ದು ಬದುಕುವ ಹೆಂಗಸು ಗಂಡನನ್ನು ತಿದ್ದಿದಳು, ನೀನು ಯಾವ ಮೆಟ್ಟಿಲಿನವಳು ಅಂತ ಅವಳನ್ನು ಯಾರೂ ಕೇಳಲಿಲ್ಲ. ಇವತ್ತಿಗೂ ಅವಳ ವಚನ ಓದುತ್ತೇವೆ.

ಈಗ ಮಾಡಬೇಕಾದ ಕೆಲಸ. ಈ ಭಾನುವಾರಕ್ಕೆ ಮೊದಲು ಆ ಟೀಚರ್ ಮನೆಗೆ ಹೋಗಿ. ವಾಟ್ಸಾಪ್ ಮೆಸೇಜ್ ಬೇಡ, ಫೋನೂ ಬೇಡ. ಆ ಹುಡುಗನನ್ನೂ ಕರೆದುಕೊಂಡು ಹೋಗಿ, ಆದರೆ ಮೊದಲು ತಪ್ಪಾಯಿತು ಅನ್ನಬೇಕಾದವರು ನೀವು. ಸಮಾಧಾನಕ್ಕೆ ಅಂತ ಅವರಿಗೆ ಕಪ್ಪು ಬೆಲ್ಟ್ ಕೊಡುವ ಯೋಚನೆ ಇದ್ದರೆ ಬಿಡಿ, ಅದು ಅವರಿಗೂ ಅವಮಾನ, ಉಳಿದವರಿಗೂ. ಉಸಿರಿನ ಬಗ್ಗೆ ಅವರು ಹೇಳಿದ್ದು ಸರಿಯೋ ಅಲ್ಲವೋ ಅಂತ ಕೇಳಿ ತಿಳಿದುಕೊಳ್ಳಿ. ನನಗೆ ಅನಿಸುವ ಮಟ್ಟಿಗೆ ಸರಿಯೇ. ರಾತ್ರಿ ಉಂಡವರು ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೆಯಲ್ಲಿ ಉಸಿರು ಬಿಗಿಹಿಡಿದು ಕೂತರೆ ತಲೆ ಸುತ್ತದೆ ಇನ್ನೇನು ಆಗುತ್ತದೆ? ಬಿಪಿ ಇದ್ದವರಿಗಂತೂ ಬೇಡವೇ ಬೇಡ.

ಆಮೇಲೆ ಕೂರುವ ರೀತಿ ಬದಲಿಸಿ. ಸಾಲು ಬಿಟ್ಟು ಸುತ್ತಲೂ ಕೂರಿ. ಬಾಗಿಲ ಹತ್ತಿರ ಒಂದು ಬಿದಿರು ಬುಟ್ಟಿ ಇಡಿ. ಧ್ಯಾನ ಕಲಿಸುವಾಗ ಬೆಲ್ಟ್ ಕಟ್ಟಿಕೊಳ್ಳಿ. ಆಮೇಲೆ ನಂಬಿಕೆ, ಅನುಭವದ ಮಾತು ಶುರುವಾಯಿತು ಅಂದರೆ ಎಲ್ಲರ ಬೆಲ್ಟೂ ಬುಟ್ಟಿಗೆ, ನಿಮ್ಮದು ಎಲ್ಲರಿಗಿಂತ ಮೊದಲು. ಕಪ್ಪು ಬೆಲ್ಟ್ ವರ್ಷಕ್ಕೊಬ್ಬರಿಗೆ ಹೋಗಲಿ. ಅದನ್ನು ಕಟ್ಟಿದವರು ಮೊದಲು ಬಂದು ಬೀಗ ತೆಗೆಯಬೇಕು, ಜಮಖಾನೆ ಹಾಸಬೇಕು, ಕೊನೆಗೆ ಮಡಚಿ ಇಡಬೇಕು ಅಂತ ಗೊತ್ತು ಮಾಡಿ. ತಪ್ಪು ಕಂಡರೆ ಯಾವ ಬಣ್ಣದವರು ಬೇಕಾದರೂ ‘ನಿಲ್ಲಿಸಿ’ ಅನ್ನಬಹುದು ಅಂತ ಎಲ್ಲರೆದುರು ನೀವೇ ಹೇಳಿ. ಇದನ್ನೆಲ್ಲ ಕೇಳಿ ಇಬ್ಬರು ಬಿಟ್ಟು ಹೋದಾರು. ಹೋಗಲಿ ತಮ್ಮಾ. ಎದ್ದು ಹೋದ ಐವರಲ್ಲಿ ಮೂವರು ವಾಪಸ್ ಬಂದರೂ ನನಗೊಂದು ಕಾರ್ಡ್ ಬರೆಯಿರಿ.

ಪ್ರಶ್ನೆ: ಅಕ್ಕಾ, ನಾವು ಬೆಳಗಾವಿ ಟಿಳಕವಾಡಿಯವರು. ನನ್ನ ಮಗನಿಗೆ 19 ವರ್ಷ. ನಾನು ಜೇಡೈ, ನನ್ನ ಧರ್ಮ ಅದೇ ಅನ್ನುತ್ತಾನೆ. ಹೊರದೇಶದ ಒಬ್ಬರು ಮೊಬೈಲ್‌ನಲ್ಲೇ ಪಾಠ ಹೇಳುತ್ತಾರೆ, ಇವನು ಇನ್ನೂ ಶಿಷ್ಯನಂತೆ. ನಿಜವಾಗಿ ಹಾಗೊಂದು ಧರ್ಮ ಇದೆಯಾ? ನಾನು ಹೆದರಬೇಕಾ?

ಉತ್ತರ: ತಂಗೀ, ಹಾಗೆ ಹೇಳಿಕೊಳ್ಳುವವರು ಇದ್ದಾರೆ. 1977ರಲ್ಲಿ ಬಂದ ಸಿನಿಮಾದಿಂದ ಹುಟ್ಟಿದ್ದು. 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 3,90,127 ಜನ ಧರ್ಮದ ಜಾಗದಲ್ಲಿ ಜೇಡೈ ಅಂತ ಬರೆದರು. ಬಹಳಷ್ಟು ಜನ ಸುಮ್ನೆ ತಮಾಷೆಗೆ ಬರೆದಿದ್ದರು. 2011ಕ್ಕೆ 1,76,632 ಆಯಿತು, 2021ಕ್ಕೆ ಸುಮಾರು 1,600ಕ್ಕೆ ಇಳಿಯಿತು. ತಮಾಷೆಯವರು ಹೋದರು, ಮನಸ್ಸಿಟ್ಟವರು ಉಳಿದರು ಅಂತ ನಾನು ಅಂದುಕೊಳ್ಳುತ್ತೇನೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಅವರದೊಂದು ಸಂಸ್ಥೆ 2005ರಲ್ಲಿ ನೋಂದಣಿಯಾಗಿದೆ. ಬ್ರಿಟನ್ನಿನಲ್ಲಿ ದತ್ತಿ ಸಂಸ್ಥೆಗಳನ್ನು ನೋಡಿಕೊಳ್ಳುವ ಆಯೋಗ ಮಾತ್ರ 2016ರ ಡಿಸೆಂಬರ್‌ನಲ್ಲಿ, ಅಲ್ಲಿನ ಕಾನೂನಿನ ಪ್ರಕಾರ ಇದು ಧರ್ಮ ಅನಿಸಿಕೊಳ್ಳುವುದಿಲ್ಲ ಅಂತ ಅರ್ಜಿ ತಳ್ಳಿಹಾಕಿತು.

ಹೆದರುವುದಕ್ಕಿಂತ ಮೊದಲು ನೋಡಿ. ಹುಡುಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನಾ, ನಿದ್ದೆ ಮಾಡುತ್ತಾನಾ, ಗೆಳೆಯರ ಜೊತೆ ಮೊದಲಿನ ಹಾಗೆ ಓಡಾಡುತ್ತಾನಾ? ಹಾಗಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಆದರೆ ಮನೆಯವರಿಗೆ ಹೇಳಬೇಡ, ಇದು ನಮ್ಮಿಬ್ಬರಲ್ಲೇ ಇರಲಿ ಅಂತ ಆ ಗುರು ಏನಾದರೂ ಹೇಳಿದ್ದರೆ ಆಗ ನೀವು ನಡುವೆ ಹೋಗಲೇಬೇಕು. ಇವತ್ತು ರಾತ್ರಿ ಊಟವಾದ ಮೇಲೆ ‘ನನಗೂ ಒಂದೈದು ನಿಮಿಷ ಕೂರೋದು ಹೇಳಿಕೊಡಪ್ಪಾ’ ಅನ್ನಿ. ಎಷ್ಟು ಖುಷಿಯಿಂದ ಹೇಳಿಕೊಡುತ್ತಾನೆ, ಎಲ್ಲಿ ಮಾತು ನುಂಗುತ್ತಾನೆ, ಅಲ್ಲೇ ನಿಮಗೆ ಅರ್ಧ ಗೊತ್ತಾಗುತ್ತದೆ.

ಪ್ರಶ್ನೆ: ವಿಜಯಪುರದಿಂದ ಬರೆಯುತ್ತಿದ್ದೇನೆ. ಒಂದು ಕಾದಂಬರಿ ಸರಣಿಯ ಮೇಲೆ ಕಟ್ಟಿದ ಧ್ಯಾನದ ಗುಂಪಿಗೆ ಆನ್‌ಲೈನ್‌ನಲ್ಲಿ ಸೇರಿದೆ. ಪ್ರತಿ ಮೆಟ್ಟಿಲಿಗೂ ₹2,500 ಕೇಳುತ್ತಾರೆ. ಮೂರು ಸಲ ಕೊಟ್ಟೆ. ಈಗ ನಾಲ್ಕನೆಯದಕ್ಕೆ ₹9,000 ಅಂತೆ. ಕೊಡದಿದ್ದರೆ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತಾರಂತೆ.

ಉತ್ತರ: ಕೊಡಬೇಡಿ ತಂಗೀ. ಒಂದು ರೂಪಾಯಿಯೂ ಬೇಡ. ನೀವಿರುವ ಊರಿನಲ್ಲೇ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಇದ್ದರು. ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ನನಗೆ ಬೇಡ ಅಂತ ಪತ್ರ ಬರೆದು ಬಿಟ್ಟುಕೊಟ್ಟರು. 2023ರ ಜನವರಿ 2ರಂದು ಅವರು ಹೋದ ಮೇಲೆ ಆ ಜನಸಾಗರ ನೀವೂ ನೋಡಿರುತ್ತೀರಿ. ಅವರ ಪ್ರವಚನ ಕೇಳಲು ಬೆಳಗಿನ ಚಳಿಯಲ್ಲಿ ಶಾಲು ಹೊದ್ದು ಕೂತವರಲ್ಲಿ ನಾನೂ ಒಬ್ಬಳು. ನೀನು ಎಷ್ಟನೇ ಮೆಟ್ಟಿಲು ಅಂತ ಅಲ್ಲಿ ನನ್ನನ್ನು ಯಾರೂ ಕೇಳಲಿಲ್ಲ.

ಹಣ ಕಳಿಸಿದ ದಿನ, ಮೊತ್ತ, ಯುಪಿಐ ನಂಬರ್, ಅವರ ಮೆಸೇಜ್‌ಗಳು, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗುಂಪಿನಿಂದ ಹೊರಬರುವ ಮೊದಲೇ ತೆಗೆಯಿರಿ, ಆಮೇಲೆ ಸಿಗಲಿಕ್ಕಿಲ್ಲ. ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಒಬ್ಬರೇ ಕೂತು ಅಳಬೇಡಿ.