ಅನಿಮೆಯಲ್ಲಿ ಹೆಣ್ಣು ದನಿಗಳೆಲ್ಲ ಒಂದೇ ಥರ ಕೇಳಿಸಿದರೆ

ಅನಿಮೆಯಲ್ಲಿ, ಅಂದರೆ ಜಪಾನಿನ ಅನಿಮೇಷನ್‌ನಲ್ಲಿ, ಹುಡುಗಿಯರ ದನಿಗಳೆಲ್ಲ ಒಂದೇ ಥರ ಕೇಳಿಸುತ್ತವೆ ಅಂತ ನಿಮಗನ್ನಿಸಿರಬಹುದು. ಬಹುಶಃ ನೀವು ನೋಡಿದ್ದೆಲ್ಲ ಶಾಲೆಯ ಕತೆಗಳು, ಅಲ್ಲಿ ಪಾತ್ರಗಳೇ ಒಂದೇ ಅಚ್ಚಿನವು ಜಾಸ್ತಿ. ಪಾತ್ರಗಳಿಗೆ ದನಿ ಕೊಡುವ ಒಬ್ಬ ಕಲಾವಿದೆಯ ದನಿಯನ್ನೇ ಬೇರೆ ಬೇರೆ ಪಾತ್ರಗಳಲ್ಲಿ ಕೇಳಿ ನೋಡಿ.

ಮೊದಲು ಆಡಿಯೊ ಜಪಾನಿ ಭಾಷೆಗೆ ಬದಲಿಸಿ. ಬೇರೆ ಭಾಷೆಗೆ ಡಬ್ ಆದದ್ದರಲ್ಲಿ ಈ ಕಲಾವಿದೆಯರ ದನಿ ಇರುವುದಿಲ್ಲ.

ಆಮೇಲೆ ಮೆಗುಮಿ ಹಯಾಶಿಬಾರಾ ಅವರಿಂದ ಶುರು ಮಾಡಿ. 1995ರ ‘ಇವಾಂಗೆಲಿಯನ್’ನಲ್ಲಿ ಅವರು ರೇ ಅಯಾನಾಮಿ: ಮಾತು ಕಮ್ಮಿ, ದನಿ ಮೆತ್ತಗೆ, ಏರಿಳಿತ ಇಲ್ಲವೇ ಇಲ್ಲ ಅನ್ನುವಷ್ಟು. ಅದೇ ವರ್ಷದ ‘ಸ್ಲೇಯರ್ಸ್’ನಲ್ಲಿ ಅವರೇ ಲಿನಾ ಇನ್‌ವರ್ಸ್: ಕಿರುಚಾಟ, ಗದರಿಕೆ, ಉಸಿರು ಬಿಡದ ಮಾತು. ಎರಡರದ್ದೂ ಒಂದೊಂದು ಕಂತು ಒಂದೇ ಸಂಜೆ ನೋಡಿ. ರೇ ಥರದ ತಣ್ಣನೆಯ ಹುಡುಗಿಯರು ಆಮೇಲಿನ ಅನಿಮೆಗಳಲ್ಲಿ ಎಷ್ಟೋ ಸಲ ಸಿಗುತ್ತಾರೆ. ಅದರಲ್ಲಿ ಈ ದನಿಯ ಪಾಲು ದೊಡ್ಡದು ಅಂತ ನನಗನ್ನಿಸುತ್ತದೆ.

ಮುಂದೆ ಮಸಾಕೊ ನೊಝಾವಾ, 1936ರಲ್ಲಿ ಹುಟ್ಟಿದ ಕಲಾವಿದೆ. ‘ಡ್ರ್ಯಾಗನ್ ಬಾಲ್ ಝಡ್’ನಲ್ಲಿ ನಾಯಕ ಗೊಕು, ಅವನ ಗಂಡುಮಕ್ಕಳು ಗೊಹಾನ್, ಗೊಟೆನ್ ಮೂವರಿಗೂ ಅವರದೇ ದನಿ. ಅಪ್ಪ ಮಗ ಮಾತಾಡುವ ದೃಶ್ಯವನ್ನು ಕಣ್ಣು ಮುಚ್ಚಿ ಕೇಳಿ.

‘ಒನ್ ಪೀಸ್’ನ ಲೂಫಿ ಅನ್ನುವ ಹುಡುಗನದೂ ಹೆಂಗಸಿನ ದನಿಯೇ, ಮಯೂಮಿ ತನಾಕಾ ಅವರದು. ತುಂಬಾ ಉದ್ದದ ಸರಣಿ, ಅದನ್ನು ಕೊನೆಗಿಟ್ಟುಕೊಳ್ಳಿ.