ಚಾಗಾಸ್ ಹೃದ್ರೋಗಕ್ಕೂ ಕೊಬ್ಬಿನ ಹಾರ್ಮೋನುಗಳಿಗೂ ಏನು ಸಂಬಂಧ? ಲೆಪ್ಟಿನ್ ಅಳೆದರೆ ಹೃದಯದ ಸ್ಥಿತಿ ತಿಳಿಯುತ್ತದೆಯೇ?

ಎರಡನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ಇಲ್ಲ, ಕೊಬ್ಬಿನ ಕೋಶಗಳು ಬಿಡುವ ಹಾರ್ಮೋನಾದ ಲೆಪ್ಟಿನ್‌ನ ಅಂಕಿ ಒಂದನ್ನೇ ಹಿಡಿದು ಹೃದಯದ ಬಗ್ಗೆ ಏನೂ ಹೇಳಲಾಗದು. ಹಾಗಂತ ಎರಡಕ್ಕೂ ಸಂಬಂಧವಿದೆ ಎಂದು ಎಲ್ಲಾದರೂ ಓದಿದ್ದರೆ ಅದು ಸುಳ್ಳಲ್ಲ. ಸಂಬಂಧ ಇದೆ, ಆದರೆ ಅದು ನೇರವಾಗಿಲ್ಲ. ನಾನು ಮೆಡಿಕಲ್ ವಿದ್ಯಾರ್ಥಿಗಳಿಗೆ ಫಿಸಿಯಾಲಜಿ ಪಾಠ ಮಾಡುವವಳು. ಚಾಗಾಸ್ ಎಂಬುದು ಒಂದು ಸೂಕ್ಷ್ಮ ಪರಾವಲಂಬಿಯ ಸೋಂಕಿನಿಂದ ಬರುವ ಕಾಯಿಲೆ. ಆದರೂ ಅದನ್ನು ನಾನು ಸೋಂಕಿನ ಪಾಠದಲ್ಲಿ ಅಲ್ಲ, ಮೆದುಳಿನಿಂದ ಹೃದಯಕ್ಕೂ ಕರುಳಿಗೂ ಇಳಿಯುವ ವೇಗಸ್ ನರದ ಪಾಠದಲ್ಲಿ ಹೇಳುತ್ತೇನೆ. ಇಲ್ಲೂ ಅಲ್ಲಿಂದಲೇ ಶುರು ಮಾಡೋಣ.

ಈಗಲೇ ಮಣಿಕಟ್ಟಿನಲ್ಲಿ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿ. ಉಸಿರು ಎಳೆದುಕೊಂಡಾಗ ಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಈ ಏರಿಳಿತ ಬಹುಪಾಲು ವೇಗಸ್ ನರದ ಕೆಲಸ. ಅದು ಹೃದಯಕ್ಕೆ ಬ್ರೇಕ್ ಇದ್ದ ಹಾಗೆ. ವಯಸ್ಸಾದಂತೆ ಎಲ್ಲರಲ್ಲೂ ಇದು ಕಡಿಮೆಯಾಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಚಾಗಾಸ್ ಸೋಂಕು ಇರುವ ಹಲವರಲ್ಲಿ, ಹೃದಯದ ಸ್ನಾಯು ಇನ್ನೂ ಚೆನ್ನಾಗಿ ಹಿಂಡುತ್ತಿರುವಾಗಲೇ, ಈ ಏರಿಳಿತ ಕುಗ್ಗಿರುವುದು ಕಾಣುತ್ತದೆ.

ಯಾಕೆ ಹೀಗೆ? ಬ್ರೆಜಿಲ್‌ನ ರಿಬೈರಾವ್ ಪ್ರೆಟೊದಲ್ಲಿ 1950ರ ದಶಕದಲ್ಲಿ ಫ್ರಿಟ್ಜ್ ಕೋಬರ್ಲೆ ಎಂಬ ರೋಗಶಾಸ್ತ್ರಜ್ಞರು ತುಂಬಾ ತಾಳ್ಮೆಯ ಕೆಲಸ ಮಾಡಿದರು. ಸತ್ತ ರೋಗಿಗಳ ಹೃದಯದ ಗೋಡೆಯಲ್ಲಿರುವ ನರಕೋಶಗಳನ್ನು ಎಣಿಸಿದರು. ವೇಗಸ್ ಸಂದೇಶ ಬಂದು ಸೇರುವ ಆ ಕೋಶಗಳು ತೀರಾ ಕಡಿಮೆಯಾಗಿದ್ದವು. ಅನ್ನನಾಳ, ದೊಡ್ಡ ಕರುಳುಗಳಲ್ಲೂ ಅದೇ ಕಥೆ. ಈ ಕಾಯಿಲೆಯಲ್ಲಿ ಕರುಳು ಊದಿಕೊಳ್ಳುವುದು ಅದಕ್ಕೇ. ಇದರ ಮೇಲೆ ಇನ್ನೊಂದು ಪೆಟ್ಟೂ ಇದೆ. ನರಗಳ ಸಂದೇಶ ಹಿಡಿಯುವ ಹೃದಯದ ಬೀಟಾ-1 (ಬಡಿತ ಏರಿಸುವ) ಮತ್ತು ಎಂ-2 (ಬಡಿತ ಇಳಿಸುವ) ಗ್ರಾಹಕಗಳಿಗೆ ಅಂಟಿಕೊಳ್ಳುವ ಪ್ರತಿಕಾಯಗಳು ರೋಗಿಗಳ ರಕ್ತದಲ್ಲಿ ಸಿಗುತ್ತವೆ. ಅಂದರೆ ಉಳಿದ ಸಂದೇಶವೂ ಕೆಡುತ್ತದೆ. ಎಲ್ಲಕ್ಕೂ ನರವೇ ಕಾರಣ ಎಂಬ ಕೋಬರ್ಲೆ ಅವರ ವಾದ ಮಾತ್ರ ಪೂರ್ತಿ ನಿಲ್ಲಲಿಲ್ಲ. ದೇಹದಲ್ಲೇ ಉಳಿದುಬಿಡುವ ಪರಾವಲಂಬಿ ಮತ್ತು ಅದು ಎಬ್ಬಿಸುವ ಉರಿಯೂತವೇ ಮುಖ್ಯ ಕಾರಣ ಎಂದು ಇಂದು ಹೆಚ್ಚಿನವರು ಒಪ್ಪುತ್ತಾರೆ.

ಆದರೆ ನರವನ್ನೂ ಉರಿಯೂತವನ್ನೂ ಬೇರೆ ಬೇರೆ ಮಾಡಿ ನೋಡಲಾಗುವುದಿಲ್ಲ, ನನಗೆ ಇಷ್ಟವಾಗುವ ಭಾಗವೇ ಇದು. ವೇಗಸ್ ನರ ಬಡಿತಕ್ಕೆ ಮಾತ್ರ ಬ್ರೇಕ್ ಅಲ್ಲ. ಅದರಿಂದ ಹೊರಡುವ ಸಂದೇಶ, ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳು ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ರಾಸಾಯನಿಕ ಸುರಿಸುವುದನ್ನೂ ತಗ್ಗಿಸುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಟ್ರೇಸಿ ಅವರ ತಂಡ 2000ದಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು. ಹಾಗಾದರೆ ವೇಗಸ್ ಸೋತ ದೇಹದಲ್ಲಿ ಉರಿಯೂತಕ್ಕೂ ಒಂದು ಲಗಾಮು ಸಡಿಲವಾಯಿತು ಅಲ್ವಾ? ಉರಿಯೂತ ಮತ್ತಷ್ಟು ನರಕೋಶಗಳನ್ನು ತಿನ್ನುತ್ತದೆ, ಸ್ನಾಯುವಿನ ಜಾಗದಲ್ಲಿ ಗಾಯದ ನಾರು ಬೆಳೆಯುತ್ತದೆ.

ಈಗ ಕೊಬ್ಬಿಗೆ ಬರೋಣ. ಟ್ರಿಪನೊಸೋಮ ಕ್ರೂಜಿ ಎಂಬ ಈ ಪರಾವಲಂಬಿ ಕೊಬ್ಬಿನ ಕೋಶಗಳೊಳಗೂ ಅಡಗಿ ಕೂರುತ್ತದೆ. ಸೋಂಕು ತಗುಲಿದ ಇಲಿಗಳ ಕೊಬ್ಬಿನಲ್ಲಿ ಅಡಿಪೋನೆಕ್ಟಿನ್ ಇಳಿದು, ಉರಿಯೂತದ ರಾಸಾಯನಿಕಗಳು ಏರುತ್ತವೆ. ಅಡಿಪೋನೆಕ್ಟಿನ್ ಕೂಡ ಕೊಬ್ಬಿನ ಕೋಶಗಳದ್ದೇ, ಸಾಮಾನ್ಯವಾಗಿ ಉರಿಯೂತ ತಣಿಸುವ ಹಾರ್ಮೋನು. ಲೆಪ್ಟಿನ್ ಉಲ್ಟಾ: ರೋಗನಿರೋಧಕ ಕೋಶಗಳನ್ನು ಕೆರಳಿಸುತ್ತದೆ, ಬಡಿತ ಏರಿಸುವ ಸಿಂಪಥೆಟಿಕ್ ನರಗಳಿಗೂ ಉತ್ತೇಜನ ಕೊಡುತ್ತದೆ. ಅತ್ತ ಬ್ರೇಕ್ ಸವೆದಿದೆ, ಇತ್ತ ಆಕ್ಸಿಲರೇಟರ್ ಒತ್ತುವವರು ಜಾಸ್ತಿ.

ಇಷ್ಟು ಓದಿದರೆ ಲೆಪ್ಟಿನ್ ಹೆಚ್ಚಿದ್ದರೆ ಕೆಟ್ಟದ್ದು, ಅಡಿಪೋನೆಕ್ಟಿನ್ ಹೆಚ್ಚಿದ್ದರೆ ಒಳ್ಳೆಯದು ಅನ್ನಿಸುತ್ತದೆ. ನನ್ನ ವಿದ್ಯಾರ್ಥಿಗಳೂ ಹಾಗೇ ಬರೆಯುತ್ತಾರೆ. ಎಡವುವುದು ಇಲ್ಲೇ. ಹಾರ್ಟ್ ಫೇಲ್ಯೂರ್ ಮುಂದುವರಿದಂತೆ ರೋಗಿ ಸೊರಗುತ್ತಾನೆ, ಕೊಬ್ಬು ಕರಗುತ್ತದೆ, ಲೆಪ್ಟಿನ್ ಇಳಿಯುತ್ತದೆ. ಅದೇ ಹೊತ್ತಿಗೆ ಅಡಿಪೋನೆಕ್ಟಿನ್ ಏರುತ್ತದೆ, ಯಾಕೆಂದರೆ ಹಿಗ್ಗಿದ ಹೃದಯ ಬಿಡುವ ಬಿಎನ್‌ಪಿ ಎಂಬ ಹಾರ್ಮೋನು ಕೊಬ್ಬಿನ ಕೋಶಗಳಿಂದ ಅದನ್ನು ಹೊರಡಿಸುತ್ತದೆ. ಹಾರ್ಟ್ ಫೇಲ್ಯೂರ್‌ನಲ್ಲಿ ಅಡಿಪೋನೆಕ್ಟಿನ್ ಜಾಸ್ತಿ ಇರುವವರ ಸ್ಥಿತಿಯೇ ಹೆಚ್ಚು ಗಂಭೀರ! ಜೊತೆಗೆ ಹೆಂಗಸರಲ್ಲಿ ಲೆಪ್ಟಿನ್ ಸಹಜವಾಗಿಯೇ ಹೆಚ್ಚು, ದಪ್ಪ ಇರುವವರಲ್ಲಿ ಇನ್ನೂ ಹೆಚ್ಚು. ಒಂದೇ ಅಂಕಿಗೆ ಇಷ್ಟೊಂದು ಅರ್ಥಗಳಿದ್ದರೆ ಅದನ್ನು ನಂಬುವುದು ಹೇಗೆ?

ಸೋಂಕು ಇರುವ ನೂರು ಮಂದಿಯಲ್ಲಿ 20ರಿಂದ 30 ಮಂದಿಗೆ ಹೃದಯದ ಅಥವಾ ಜೀರ್ಣಾಂಗದ ತೊಂದರೆ ಬರುತ್ತದೆ, ಅದೂ ಎಷ್ಟೋ ವರ್ಷಗಳ ಮೇಲೆ. ಔಷಧಿ ಆದಷ್ಟು ಬೇಗ ಕೊಡಬೇಕು. ಹೃದಯ ಆಗಲೇ ಕೆಟ್ಟ 2,854 ರೋಗಿಗಳಿಗೆ ಪರಾವಲಂಬಿಯನ್ನು ಕೊಲ್ಲುವ ಬೆಂಜ್ನಿಡಜೋಲ್ ಅಥವಾ ಔಷಧಿಯೇ ಇಲ್ಲದ ಸುಮ್ನೆ ಗುಳಿಗೆ ಕೊಟ್ಟು ನೋಡಿದ ಬೆನಿಫಿಟ್ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಔಷಧಿ ತೆಗೆದುಕೊಂಡವರ ರಕ್ತದಲ್ಲಿ ಪರಾವಲಂಬಿ ಕಡಿಮೆಯಾಯಿತು, ಆದರೆ ಹೃದಯ ಕೆಡುವುದು ಗಮನಾರ್ಹವಾಗಿ ತಗ್ಗಲಿಲ್ಲ. ಪುಟ್ಟ ಮಕ್ಕಳಿಗೆ ಬೇಗ ಕೊಟ್ಟರೆ ಅದೇ ಔಷಧಿ ಸೋಂಕನ್ನೇ ಗುಣ ಮಾಡಬಲ್ಲದು.

ಆದ್ದರಿಂದ ನಿಮಗೆ ತಿಳಿದವರಲ್ಲಿ ಯಾರಿಗಾದರೂ ಈ ಸೋಂಕು ಇದ್ದರೆ ಹಾರ್ಮೋನು ಪರೀಕ್ಷೆಗೆ ಹಣ ಹಾಕಬೇಡಿ. ವರ್ಷಕ್ಕೊಮ್ಮೆಯಾದರೂ ಇಸಿಜಿ ಮಾಡಿಸಿ. ಅದರಲ್ಲಿ ಬಲಗಡೆಯ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಬಲಭಾಗಕ್ಕೆ ವಿದ್ಯುತ್ ಸಂದೇಶ ಹೋಗುವ ದಾರಿಯಲ್ಲಿ ತಡೆ) ಎಂದು ಬಂದರೆ ಎಕೋ (ಹೃದಯದ ಸ್ಕ್ಯಾನ್), 24 ಗಂಟೆಯ ಹೋಲ್ಟರ್ (ದಿನವಿಡೀ ಬಡಿತ ದಾಖಲಿಸುವ ಇಸಿಜಿ) ಎರಡನ್ನೂ ಹೃದಯ ವೈದ್ಯರ ಹತ್ತಿರ ಕೇಳಿ ಮಾಡಿಸಿ. ತಲೆ ಸುತ್ತಿ ಬಿದ್ದರೆ ವರ್ಷ ತುಂಬುವವರೆಗೆ ಕಾಯಬೇಡಿ, ಅಂದೇ ಹೋಗಿ.