ಮಕ್ಕಳು ಶಾಲೆಯಲ್ಲಿ ತಾವೇ ಕಂಪ್ಯೂಟರ್ ಗೇಮ್ ಮಾಡಿದರೆ ನಿಜಕ್ಕೂ ಏನಾದರೂ ಕಲಿಯುತ್ತಾರಾ?

ಕಲಿಯುತ್ತಾರೆ. ನನ್ನ ಪ್ರಕಾರ ಕೋಡಿಂಗ್‌ಗಿಂತ ಜಾಸ್ತಿ ಗಣಿತ, ಅದಕ್ಕಿಂತ ಜಾಸ್ತಿ ತಾಳ್ಮೆ.

ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್‌ನಲ್ಲಿ ಪರದೆಯ ಮೇಲಿನ ಬೆಕ್ಕನ್ನು ನೆಗೆಸುವುದನ್ನೇ ನೋಡಿ. ವೈ ಬೆಲೆಗೆ, ಅಂದರೆ ಪರದೆಯಲ್ಲಿ ಅದರ ಎತ್ತರಕ್ಕೆ, 10 ಕೂಡಿಸಿದರೆ ಬೆಕ್ಕು ಮೇಲೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಇಳಿಸಲು ಮೈನಸ್ 10 ಬೇಕು. ಪುಸ್ತಕದಲ್ಲಿ ಸುಮ್ನೆ ಒಂದು ಗೆರೆಯಾಗಿದ್ದ ಮೈನಸ್‌ಗೆ ಈಗ ಕೆಲಸ ಸಿಕ್ಕಿತು! ಆದರೂ ನೆಗೆತ ಲಿಫ್ಟ್‌ನ ಹಾಗೆ ಕಾಣುತ್ತದೆ. ವೇಗಕ್ಕೆ ಒಂದು ವೇರಿಯಬಲ್ (ಬದಲಾಗುವ ಸಂಖ್ಯೆ ಇಡುವ ಜಾಗ) ಇಟ್ಟು, ಪ್ರತಿ ಸುತ್ತಿಗೂ 1 ಕಳೆಯುತ್ತಾ ಹೋದರೆ ಬೆಕ್ಕು ಏರುತ್ತಾ ನಿಧಾನವಾಗುತ್ತದೆ, ಬೀಳುತ್ತಾ ಜೋರಾಗುತ್ತದೆ. ಗುರುತ್ವದ ಪಾಠ ಹೆಸರೇ ಹೇಳದೆ ಬಂತು, ಅಲ್ವಾ?

ಇದು ಹೊಸ ಯೋಚನೆ ಏನಲ್ಲ. ಗಣಿತಜ್ಞ ಸೀಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು 1967ರಲ್ಲೇ ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನ ಸ್ಕ್ರ್ಯಾಚ್ 2007ರಲ್ಲಿ ಬಂತು. ನನಗೆ ತುಂಬಾ ಇಷ್ಟವಾದದ್ದು ಶಿಕ್ಷಣ ಸಂಶೋಧಕಿ ಯಾಸ್ಮಿನ್ ಕಫಾಯ್ ಅವರ ಪ್ರಯೋಗ. ಅದರಲ್ಲಿ ನಾಲ್ಕನೇ ತರಗತಿಯವರು ತಮಗಿಂತ ಚಿಕ್ಕವರಿಗೆ ಭಿನ್ನರಾಶಿ ಕಲಿಸುವ ಗೇಮ್‌ಗಳನ್ನು ಲೋಗೋದಲ್ಲಿ ಮಾಡಿದರು. ಇನ್ನೊಬ್ಬರಿಗೆ ಹೇಳಿಕೊಡಲು ಕೂತಾಗಲೇ ನಮಗೆಷ್ಟು ಅರ್ಥವಾಗಿದೆ ಅಂತ ಗೊತ್ತಾಗೋದು.

ಆದರೆ ಟೀಚರ್ ಒಂದೊಂದೇ ಹಂತ ಹೇಳಿ ಎಲ್ಲರಿಂದಲೂ ಒಂದೇ ಗೇಮ್ ಮಾಡಿಸಿದರೆ ಅದು ಬರೀ ಕಾಪಿ ಹೊಡೆದ ಹಾಗೆ. ಪೂರ್ತಿ ಬಿಟ್ಟರೂ ಕಷ್ಟ. ಕೆಲವರು ಇಡೀ ಪೀರಿಯಡ್ ಬೆಕ್ಕಿಗೆ ಬಣ್ಣ ಬದಲಿಸುತ್ತಾ ಕೂರುತ್ತಾರೆ. ಅದಕ್ಕೆ ಸುಲಭದ ಉಪಾಯ, ಅರ್ಧಂಬರ್ಧ ಆದ ಗೇಮನ್ನೇ ಪಕ್ಕದವರಿಗೆ ಆಡಲು ಕೊಡಿಸುವುದು. ಎರಡನೇ ಆಟದಲ್ಲಿ ಸ್ಕೋರ್ ಸೊನ್ನೆಯಿಂದ ಶುರುವಾಗದಿದ್ದರೆ ಅವರು ಸುಮ್ನೆ ಬಿಡಲ್ಲ.